ಈ ಮಾತು ಎಲ್ಲಿಂದ ಬಂತು? ಸೈಕಾಲಜಿ ಪ್ರಾಜೆಕ್ಟಿಗೆ ಆಕರ ಹುಡುಕಿ ಬರೆಯುವ ಸಮಗ್ರ ಮಾರ್ಗದರ್ಶಿ

ಜುಲೈ ತಿಂಗಳ ಒಂದು ಸಂಜೆ. ಮಡಿಕೇರಿಯಲ್ಲಿ ಬೆಳಗಿನಿಂದ ಬಿಡದೆ ಮಳೆ, ಕರೆಂಟು ಮಧ್ಯಾಹ್ನವೇ ಹೋಗಿತ್ತು. ವಿರಾಜಪೇಟೆಯಲ್ಲಿ ಹನ್ನೊಂದನೇ ಕ್ಲಾಸು ಓದುವ ಅಕ್ಕನ ಮಗಳು ಫೋನ್ ಮಾಡಿದಳು. "ಚಿಕ್ಕಮ್ಮಾ, ಸೈಕಾಲಜಿ ಪ್ರಾಜೆಕ್ಟ್ ಬರೆದು ಮುಗಿಸಿದೆ. ಕೊನೇಲಿ ರೆಫರೆನ್ಸ್ ಹಾಕ್ಬೇಕಂತೆ. ನಾಲ್ಕೈದು ಹೇಳಿ, ಬರ್ಕೊಳ್ತೀನಿ."

ಮನೆ ಕಟ್ಟಿ ಮುಗಿದ ಮೇಲೆ ಪಾಯಕ್ಕೆ ಕಲ್ಲು ಕೇಳಿದ ಹಾಗಾಯಿತು. ಆದರೆ ಬೈಯಲು ನನಗೆ ಬಾಯಿಲ್ಲ. ಡಿಗ್ರಿಯಲ್ಲಿ ನಾನೂ ಹಾಗೇ ಮಾಡಿದವಳು. ಓದಿದ್ದರಲ್ಲಿ ಶೇ. 10, ಕೇಳಿದ್ದರಲ್ಲಿ ಶೇ. 20, ಇನ್ನೊಬ್ಬರಿಗೆ ಕಲಿಸಿದ್ದರಲ್ಲಿ ಶೇ. 90 ನೆನಪಿರುತ್ತದೆ ಎನ್ನುವ ಪಿರಮಿಡ್ ಚಿತ್ರ ನೀವೂ ನೋಡಿರುತ್ತೀರಿ. ಅದನ್ನು ಬಣ್ಣದಲ್ಲಿ ಚಂದ ಬಿಡಿಸಿ, ಕೆಳಗೆ ಅಮೆರಿಕದ ಶಿಕ್ಷಣತಜ್ಞ 'ಎಡ್ಗರ್ ಡೇಲ್' ಹೆಸರು ಬರೆದಿದ್ದೆ. ವೈವಾಕ್ಕೆ ಬಂದ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: "ಯಾವ ಪುಟದಲ್ಲಿದೆ?" ನನಗೆ ಬೆವರು. ಆಮೇಲೆ ಹುಡುಕಿದಾಗ ಗೊತ್ತಾಯಿತು, ಡೇಲ್ 1946ರಲ್ಲಿ ಕೊಟ್ಟ ಚಿತ್ರದಲ್ಲಿ ಶೇಕಡಾ ಲೆಕ್ಕವೇ ಇರಲಿಲ್ಲ. ಅಂಕಿಗಳನ್ನು ನಂತರ ಯಾರೋ ಅಂಟಿಸಿದ್ದು. ಅದು ಗೋಡೆಯಿಂದ ಗೋಡೆಗೆ ಹರಡಿ ನನ್ನ ಪ್ರಾಜೆಕ್ಟಿಗೂ ಬಂದಿತ್ತು.

ಅಕ್ಕನ ಮಗಳ ಜೊತೆ ಕೂತು ಅವಳ ಪ್ರಾಜೆಕ್ಟನ್ನು ಮೊದಲಿನಿಂದ ಮಾಡಿದೆವು. ಮಾಡಿದ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

ಹಂತ 1: ವಿಷಯವನ್ನು ಒಂದು ಪ್ರಶ್ನೆ ಮಾಡಿಕೊಳ್ಳಿ

ಅವಳ ವಿಷಯ 'ನೆನಪಿನ ಶಕ್ತಿ'. ಇದನ್ನು ಹಿಡಿದು ಹುಡುಕಿದರೆ ಜೀವಮಾನ ಸಾಲದು. "ಪರೀಕ್ಷೆಗೆ ನೀನು ಹೇಗೆ ಓದುತ್ತೀಯಾ?" ಅಂತ ಕೇಳಿದೆ. ಪಾಠವನ್ನೇ ನಾಲ್ಕು ಸಲ ಓದುತ್ತಾಳಂತೆ. ಅವಳ ಗೆಳತಿ ಒಂದು ಸಲ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟು ಬರೆಯುತ್ತಾಳಂತೆ. ಪ್ರಶ್ನೆ ಅಲ್ಲೇ ಸಿಕ್ಕಿತು: ಮತ್ತೆ ಮತ್ತೆ ಓದುವುದು ಒಳ್ಳೆಯದಾ, ಪುಸ್ತಕ ಮುಚ್ಚಿ ನೆನಪು ಮಾಡಿಕೊಳ್ಳುವುದು ಒಳ್ಳೆಯದಾ? ಇದಕ್ಕೆ ಆಕರ ಹುಡುಕಬಹುದು.

ನಮ್ಮ ಊರಿನಲ್ಲೇ ಇಂಥ ಪ್ರಶ್ನೆಗಳು ಬೇಕಾದಷ್ಟಿವೆ. ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ, ಅಂಗಡಿಯಲ್ಲಿ ಕನ್ನಡ, ಕ್ಲಾಸಿನಲ್ಲಿ ಇಂಗ್ಲಿಷ್ ಆಡುವ ಮಕ್ಕಳ ಗಮನಶಕ್ತಿ ಹೇಗಿರುತ್ತದೆ? ಆನೆ ಓಡಾಡುವ ತೋಟದ ದಾರಿಯಲ್ಲಿ ಶಾಲೆಗೆ ನಡೆಯುವವರ ಭಯ ಎಂಥದ್ದು? ಹಾಸ್ಟೆಲ್ ಸೇರಿದ ಮೊದಲ ತಿಂಗಳು ಮನೆ ನೆನಪು ಯಾಕೆ ಅಷ್ಟು ಕಾಡುತ್ತದೆ?

ಒಂದು ಎಚ್ಚರಿಕೆ. ಕೊಡಗಿನಲ್ಲಿ 2018ರ ಆಗಸ್ಟಿನಲ್ಲಾದ ಭೂಕುಸಿತದ ಬಗ್ಗೆ ಬರೆಯುವ ಆಸೆ ಹಲವರಿಗಿದೆ. ಪ್ರಕಟವಾದ ಅಧ್ಯಯನಗಳನ್ನು ಓದಿ ಬರೆಯಿರಿ, ತಪ್ಪಿಲ್ಲ. ಆದರೆ ಮನೆ ಕಳೆದುಕೊಂಡವರ ಮುಂದೆ ನೋಟ್‌ಬುಕ್ ಹಿಡಿದು "ಆವತ್ತು ಏನನ್ನಿಸಿತು?" ಎಂದು ಕೇಳಲು ಹೋಗಬೇಡಿ. ಅದಕ್ಕೆ ತರಬೇತಿ ಬೇಕು. ನಿಮ್ಮ ವಯಸ್ಸಿನ ಕೆಲಸ ಅದಲ್ಲ.

ಹಂತ 2: ಹುಡುಕುವ ಪದವನ್ನು ಮೊದಲು ಹುಡುಕಿ

ಹೆಚ್ಚಿನವರು ಸೋಲುವುದು ಇಲ್ಲೇ. ನಮಗೆ ಬೇಕಾದ ಸಂಗತಿಗೆ ಸೈಕಾಲಜಿಯವರು ಇಟ್ಟ ಹೆಸರು ಗೊತ್ತಿಲ್ಲದೆ, 'ಹೌ ಟು ಸ್ಟಡಿ ವೆಲ್' ಎಂದು ಟೈಪ್ ಮಾಡಿದರೆ ಬರುವುದು ಕೋಚಿಂಗ್ ಸೆಂಟರಿನ ಜಾಹೀರಾತು.

ಹೆಸರು ಸಿಗುವುದು ಪಠ್ಯಪುಸ್ತಕದಲ್ಲಿ. ಎನ್‌ಸಿಇಆರ್‌ಟಿಯ ಹನ್ನೊಂದನೇ ಕ್ಲಾಸಿನ ಸೈಕಾಲಜಿ ಪುಸ್ತಕ ಅವರ ವೆಬ್‌ಸೈಟಿನಲ್ಲೇ ಉಚಿತ. ನೆನಪಿನ ಪಾಠ ತೆರೆದರೆ ಮರೆವಿನ ಬಗ್ಗೆ ಪ್ರಯೋಗ ಮಾಡಿದ ಜರ್ಮನ್ ವಿಜ್ಞಾನಿ ಎಬ್ಬಿಂಗ್‌ಹಾಸ್ ಹೆಸರು ಸಿಗುತ್ತದೆ. ಅಲ್ಲಿಂದ ವಿಕಿಪೀಡಿಯಕ್ಕೆ ಹೋಗಿ. ಹೌದು, ಹೋಗಬಹುದು. ವಿಕಿಪೀಡಿಯವನ್ನು ಆಕರವಾಗಿ ತೋರಿಸಬಾರದು ಅಷ್ಟೇ. ಅದು ದಾರಿ ಕೇಳುವ ಅಂಗಡಿ ಇದ್ದ ಹಾಗೆ. ಅಲ್ಲಿ ನಮಗೆ ಎರಡು ಪದ ಸಿಕ್ಕವು: 'ಟೆಸ್ಟಿಂಗ್ ಎಫೆಕ್ಟ್' (ಪರೀಕ್ಷಿಸಿಕೊಂಡರೆ ನೆನಪು ಗಟ್ಟಿಯಾಗುವುದು) ಮತ್ತು 'ರಿಟ್ರೀವಲ್ ಪ್ರಾಕ್ಟೀಸ್' (ಓದಿದ್ದನ್ನು ನೋಡದೆ ನೆನಪಿಗೆ ತಂದುಕೊಳ್ಳುವ ಅಭ್ಯಾಸ). ಇವೆರಡು ಕೈಗೆ ಬಂದ ಮೇಲೆ ಮುಂದಿನ ಕೆಲಸ ಅರ್ಧ ಗಂಟೆಯದ್ದು.

ಹಂತ 3: ಎಲ್ಲಿ ಹುಡುಕಬೇಕು

ಮೊದಲ ಬಾಗಿಲು ಗೂಗಲ್ ಸ್ಕಾಲರ್. 2004ರಿಂದ ಇದೆ, ದುಡ್ಡು ಕೊಡಬೇಕಿಲ್ಲ. ಮಾಮೂಲಿ ಗೂಗಲ್‌ಗೂ ಇದಕ್ಕೂ ವ್ಯತ್ಯಾಸ ಏನೆಂದರೆ ಇಲ್ಲಿ ಬರುವುದು ಹೆಚ್ಚಾಗಿ ಜರ್ನಲ್ (ಸಂಶೋಧನಾ ಪತ್ರಿಕೆ) ಲೇಖನ, ಪುಸ್ತಕ, ಥೀಸಿಸ್. ಪದವನ್ನು ಉದ್ಧರಣ ಚಿಹ್ನೆಯ ಒಳಗೆ ಹಾಕಿದರೆ ಆ ಪದಗುಚ್ಛ ಹಾಗೇ ಇರುವ ಬರಹ ಮಾತ್ರ ಬರುತ್ತದೆ. ಎಡಗಡೆ ವರ್ಷದ ಆಯ್ಕೆ ಇದೆ. ಪ್ರತಿ ಲೇಖನದ ಕೆಳಗೆ 'ಸೈಟೆಡ್ ಬೈ' ಎಂಬ ಕೊಂಡಿ ಇರುತ್ತದೆ. ನನ್ನ ಲೆಕ್ಕದಲ್ಲಿ ಇಡೀ ಸ್ಕಾಲರಿನಲ್ಲಿ ಇದಕ್ಕಿಂತ ಬೆಲೆಬಾಳುವ ಗುಂಡಿ ಇಲ್ಲ. ಆ ಲೇಖನವನ್ನು ಆಮೇಲೆ ಯಾರು ಬಳಸಿದರು, ಯಾರು ಒಪ್ಪಲಿಲ್ಲ ಎಲ್ಲವೂ ಅಲ್ಲಿ ಸಿಗುತ್ತದೆ.

ಒಳ್ಳೆಯ ಲೇಖನ ಸಿಕ್ಕಿತು, ತೆರೆದರೆ ಡಾಲರ್ ಕೇಳುತ್ತಿದೆ. ಗಾಬರಿ ಬೇಡ. 'ಆಲ್ ವರ್ಷನ್ಸ್' ಒತ್ತಿ ನೋಡಿ. ಎಷ್ಟೋ ಸಲ ಲೇಖಕರೇ ತಮ್ಮ ವಿಶ್ವವಿದ್ಯಾಲಯದ ಪುಟದಲ್ಲಿ ಪಿಡಿಎಫ್ ಇಟ್ಟಿರುತ್ತಾರೆ. ಪಬ್‌ಮೆಡ್ ಸೆಂಟ್ರಲ್, ಪ್ಲಾಸ್ ಒನ್ ಎಂಬ ಸಂಶೋಧನಾ ಲೇಖನಗಳ ತಾಣಗಳು ಪೂರ್ತಿ ಉಚಿತ. ಮಾನಸಿಕ ಆರೋಗ್ಯದ ವಿಷಯವಾದರೆ ಇಂಡಿಯನ್ ಜರ್ನಲ್ ಆಫ್ ಸೈಕಿಯಾಟ್ರಿ ಕೂಡ ಉಚಿತ. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ಮಾಡಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ವರದಿಯೂ ಸಿಗುತ್ತದೆ. ಭಾರತದ ಪಿಎಚ್‌ಡಿ ಥೀಸಿಸ್‌ಗಳಿಗೆ ಶೋಧಗಂಗಾ ಎಂಬ ವೆಬ್‌ಸೈಟ್ ಇದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಸೈಕಾಲಜಿ ವಿಭಾಗ ಶುರು ಮಾಡಿದ್ದು 1924ರಲ್ಲಿ. ಅಷ್ಟು ಹಳೆಯ ವಿಭಾಗ ನಮ್ಮ ಪಕ್ಕದ ಜಿಲ್ಲೆಯಲ್ಲೇ ಇರುವಾಗ ಕನ್ನಡದ ಮಕ್ಕಳ ಮೇಲೆ ನಡೆದ ಅಧ್ಯಯನವನ್ನೂ ಒಮ್ಮೆ ಹುಡುಕದೆ ಬಿಡುವುದು ಸರಿಯಲ್ಲ, ಅಲ್ವಾ?

ಮಡಿಕೇರಿಯ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೂ ಹೋಗಿ. ಜರ್ನಲ್ ಸಿಗದೇ ಇರಬಹುದು, ಆದರೆ ಹಳೆಯ ಪತ್ರಿಕೆಗಳ ಬಗ್ಗೆ ವಿಚಾರಿಸಬಹುದು. ಆನೆಯ ವಿಷಯ ಬರೆಯುವವರಿಗೆ 'ಶಕ್ತಿ'ಯಂಥ ಊರಿನ ಪತ್ರಿಕೆ ಬೇಕೇ ಬೇಕು. ಪತ್ರಿಕೆಯಿಂದ 'ಏನು ನಡೆಯಿತು' ತೆಗೆದುಕೊಳ್ಳಿ. 'ಮನಸ್ಸು ಯಾಕೆ ಹಾಗೆ ಮಾಡುತ್ತದೆ' ಎನ್ನುವುದಕ್ಕೆ ಜರ್ನಲ್ಲಿಗೇ ಹೋಗಬೇಕು.

ಇನ್ನು ನಮ್ಮ ಮಳೆಗಾಲದ ವಿಷಯ. ನೆಟ್‌ವರ್ಕ್ ಇದ್ದಾಗ ಓದುತ್ತಾ ಕೂರಬೇಡಿ. ಇದ್ದಾಗ ಇಳಿಸಿಕೊಳ್ಳಿ, ಹೋದಾಗ ಓದಿ. ಇಳಿಸಿದ ಫೈಲಿನ ಹೆಸರನ್ನು ಆಗಲೇ ಬದಲಿಸಿ: ಲೇಖಕರ ಹೆಸರು, ವರ್ಷ, ಒಂದು ಪದ. 'ಡೌನ್‌ಲೋಡ್ 14' ಎಂಬ ಫೈಲನ್ನು ವಾರದ ನಂತರ ದೇವರೂ ಗುರುತು ಹಿಡಿಯಲಾರ.

ಹಂತ 4: ಸಿಕ್ಕಿದ್ದನ್ನು ತೂಗಿ ನೋಡಿ

ಪ್ರಿಂಟ್ ಆಗಿದೆ ಎಂದ ಮಾತ್ರಕ್ಕೆ ನಂಬಬೇಡಿ. ಸೈಕಾಲಜಿಯಲ್ಲಂತೂ ಈ ಪಾಠ ದೊಡ್ಡವರೇ ಕಲಿತದ್ದು. ಹೆಸರಾಂತ ಜರ್ನಲ್‌ಗಳಲ್ಲಿ ಬಂದಿದ್ದ 100 ಅಧ್ಯಯನಗಳನ್ನು ಬೇರೆ ಬೇರೆ ತಂಡಗಳು ಮತ್ತೆ ಮಾಡಿ ನೋಡಿ, 2015ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದವು. ಮೂಲದಲ್ಲಿ ಶೇ. 97ರಷ್ಟು ಅಧ್ಯಯನಗಳು ಗಣನೀಯ ಫಲಿತಾಂಶ (ಬರೀ ಆಕಸ್ಮಿಕ ಎಂದು ತಳ್ಳಿಹಾಕಲಾಗದ್ದು) ತೋರಿಸಿದ್ದವು. ಮತ್ತೆ ಮಾಡಿದಾಗ ಹಾಗೆ ಬಂದದ್ದು ಶೇ. 36 ಮಾತ್ರ.

ಮಾರ್ಷ್‌ಮ್ಯಾಲೋ ಪರೀಕ್ಷೆ ನಿಮಗೆ ಗೊತ್ತಿರುತ್ತದೆ. ತಿಂಡಿ ಮುಂದಿಟ್ಟುಕೊಂಡು ಕಾಯಬಲ್ಲ ಮಗು ಮುಂದೆ ಜಾಣನಾಗುತ್ತದೆ ಎಂಬ ಕಥೆ. ಭಾಷಣಗಳಲ್ಲಿ ಇವತ್ತಿಗೂ ಓಡುತ್ತಿದೆ. 2018ರಲ್ಲಿ ವಾಟ್ಸ್ ಮತ್ತು ಸಂಗಡಿಗರು 900ಕ್ಕೂ ಜಾಸ್ತಿ ಮಕ್ಕಳ ಮಾಹಿತಿ ನೋಡಿದಾಗ ಆ ಸಂಬಂಧ ಹಿಂದೆ ಹೇಳಿದ್ದರ ಸುಮಾರು ಅರ್ಧದಷ್ಟೇ ಕಂಡಿತು. ಮನೆಯ ಪರಿಸ್ಥಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಇನ್ನೂ ಕರಗಿತು. ಹಾಗಾಗಿ ಯಾವ ಪ್ರಸಿದ್ಧ ಪ್ರಯೋಗ ಬಳಸಿದರೂ ಅದರ ಹೆಸರಿನ ಜೊತೆ 'ರೆಪ್ಲಿಕೇಶನ್' (ಅದೇ ಪ್ರಯೋಗವನ್ನು ಮತ್ತೆ ಮಾಡಿ ನೋಡುವುದು) ಎಂಬ ಪದ ಸೇರಿಸಿ ಒಮ್ಮೆ ಹುಡುಕಿ.

ತೂಗುವಾಗ ನಾನು ಕೇಳಿಕೊಳ್ಳುವುದು ಇಷ್ಟೇ. ಬರೆದವರು ಈ ವಿಷಯದಲ್ಲಿ ಕೆಲಸ ಮಾಡಿದವರಾ? ಎಷ್ಟು ಜನರ ಮೇಲೆ ನೋಡಿದರು? ಆ ಜನ ಯಾರು? ಕೊನೆಯ ಪ್ರಶ್ನೆ ನಮಗೆ ಮುಖ್ಯ. ಹೆನ್ರಿಕ್, ಹೈನ್, ನೊರೆನ್‌ಜಯಾನ್ ಎಂಬ ಮೂವರು 2010ರಲ್ಲಿ ಎತ್ತಿದ ಆಕ್ಷೇಪವೇ ಇದು: ಸೈಕಾಲಜಿ 'ಮನುಷ್ಯ' ಎಂದು ಹೇಳುವಾಗ ಹೆಚ್ಚಾಗಿ ಪಶ್ಚಿಮದ ಸಿರಿವಂತ ದೇಶಗಳ ಕಾಲೇಜು ಹುಡುಗರನ್ನು ನೋಡಿ ಹೇಳುತ್ತಿದೆ. ಅಮೆರಿಕದ ಫಲಿತಾಂಶ ಪೊನ್ನಂಪೇಟೆಯ ಹುಡುಗಿಗೂ ಹಾಗೇ ಅನ್ವಯಿಸುತ್ತದಾ ಎಂದು ಪ್ರಾಜೆಕ್ಟಿನಲ್ಲಿ ಎರಡು ಸಾಲು ಬರೆಯಿರಿ. ಮೌಲ್ಯಮಾಪಕರಿಗೆ ಆ ಎರಡು ಸಾಲು ಕಣ್ಣಿಗೆ ಬೀಳುತ್ತದೆ.

ದುಡ್ಡು ಕೊಟ್ಟರೆ ಮೂರೇ ದಿನದಲ್ಲಿ ಲೇಖನ ಹಾಕುತ್ತೇವೆ ಎನ್ನುವ ಜರ್ನಲ್‌ಗಳೂ ಇವೆ. ಅಂಥವನ್ನು ಮುಟ್ಟಬೇಡಿ.

ಎಐ ಚಾಟ್‌ಬಾಟ್ ಕೊಡುವ ರೆಫರೆನ್ಸ್ ಬಗ್ಗೆ ಬೇರೆಯೇ ಹೇಳಬೇಕು. ಅದು ಇಲ್ಲದ ಲೇಖನವನ್ನು ಇರುವ ಲೇಖಕರ ಹೆಸರಲ್ಲಿ, ಪುಟಸಂಖ್ಯೆ ಸಮೇತ ಹೊಸೆದು ಕೊಡಬಲ್ಲದು. ನೋಡಲು ಅಸಲಿಯ ಹಾಗೇ ಇರುತ್ತದೆ. ಶೀರ್ಷಿಕೆಯನ್ನು ಸ್ಕಾಲರಿನಲ್ಲಿ ಹಾಕಿ, ಲೇಖನ ತೆರೆದು ಕಣ್ಣಾರೆ ನೋಡದೆ ಒಂದನ್ನೂ ಬರೆದುಕೊಳ್ಳಬೇಡಿ. ನಿಮ್ಮ ಟೀಚರ್ ಎಐ ಬಳಸಲು ಬಿಡುತ್ತಾರಾ ಎಂದೂ ಮೊದಲೇ ಕೇಳಿ.

ಹಂತ 5: ಓದುವಾಗಲೇ ಚೀಟಿ ಬರೆಯಿರಿ

ಅಕ್ಕನ ಮಗಳಿಗೆ ಸಿಕ್ಕ ಮುಖ್ಯ ಲೇಖನ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಬರೆದದ್ದು. ಏಳೇ ಪುಟ. ಆದರೂ ಮೊದಲ ಸಾಲಿನಿಂದ ಕೊನೆಯವರೆಗೆ ಒಂದೇ ಉಸಿರಿಗೆ ಓದಲು ಹೋಗಿ ಅವಳು ಸುಸ್ತಾದಳು. ಹಾಗೆ ಓದಬಾರದು. ಮೊದಲು ಮೇಲಿನ ಸಾರಾಂಶ ಓದಿ. ಆಮೇಲೆ ನೇರ ಕೊನೆಯ ಚರ್ಚೆಗೆ ಹೋಗಿ. ಪ್ರಯೋಗ ಮಾಡಿದ ರೀತಿ ಆಮೇಲೆ. ಅಂಕಿಅಂಶದ ಭಾಗದಲ್ಲಿ ಅರ್ಥವಾಗದ ಚಿಹ್ನೆಗಳು ಬರುತ್ತವೆ. ಅಲ್ಲಿ ಗ್ರಾಫ್ ನೋಡಿ, ಸರಾಸರಿ ಹಿಡಿದುಕೊಂಡು ಮುಂದೆ ಹೋಗಿ.

ಅವರು ಮಾಡಿದ್ದು ಸರಳ. 120 ಕಾಲೇಜು ವಿದ್ಯಾರ್ಥಿಗಳಿಗೆ ಎರಡು ಸಣ್ಣ ಪಾಠ ಕೊಟ್ಟರು, ಒಂದು ಸೂರ್ಯನ ಬಗ್ಗೆ, ಇನ್ನೊಂದು ಸಮುದ್ರದ ನೀರುನಾಯಿಯ ಬಗ್ಗೆ. ಒಂದು ಪಾಠವನ್ನು ಎರಡು ಸಲ ಓದಿಸಿದರು. ಇನ್ನೊಂದನ್ನು ಒಂದು ಸಲ ಓದಿಸಿ, ನೆನಪಿದ್ದಷ್ಟನ್ನು ಖಾಲಿ ಹಾಳೆಯಲ್ಲಿ ಬರೆಸಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದ ಪಾಠವೇ ಮುಂದೆ: ಶೇ. 81ಕ್ಕೆ ಶೇ. 75. ಎರಡು ದಿನ ಬಿಟ್ಟು ಕೇಳಿದರೆ ಲೆಕ್ಕ ತಿರುಗಿತು: ಓದಿದ್ದು ಶೇ. 54, ಬರೆದು ನೋಡಿದ್ದು ಶೇ. 68. ಒಂದು ವಾರದ ಮೇಲೆ ಶೇ. 42 ಮತ್ತು ಶೇ. 56. "ಅಯ್ಯೋ, ಅದಕ್ಕೇ ನಂಗೆ ಪರೀಕ್ಷೆ ಹಿಂದಿನ ರಾತ್ರಿ ಎಲ್ಲಾ ಬಂದ ಹಾಗೇ ಇರುತ್ತೆ!" ಅಂದಳು.

ಈಗ ಚೀಟಿ. ಪ್ರತಿ ಆಕರಕ್ಕೂ ಒಂದು. ಮೇಲ್ಗಡೆ ಐದು ಸಂಗತಿ: ಯಾರು, ಯಾವ ವರ್ಷ, ಶೀರ್ಷಿಕೆ, ಎಲ್ಲಿ ಪ್ರಕಟ (ಸಂಪುಟ, ಸಂಚಿಕೆ, ಪುಟ), ಡಿಒಐ. ಡಿಒಐ ಎಂದರೆ ಲೇಖನದ ಆಧಾರ್ ನಂಬರ್ ಎಂದುಕೊಳ್ಳಿ. ವೆಬ್‌ಸೈಟು ಬದಲಾದರೂ ಇದು ಬದಲಾಗುವುದಿಲ್ಲ. ಚೀಟಿಯ ಕೆಳಗೆ ನಿಮಗೆ ಬೇಕಾದ ಮಾತು, ಅದು ಇರುವ ಪುಟ. ಲೇಖಕರದೇ ವಾಕ್ಯ ಎತ್ತಿಕೊಂಡರೆ ಕೆಂಪು ಪೆನ್, ನಿಮ್ಮ ಮಾತಿನಲ್ಲಿ ಬರೆದುಕೊಂಡರೆ ನೀಲಿ ಪೆನ್. ಈ ಎರಡು ಬಣ್ಣ ನಿಮ್ಮನ್ನು ನಕಲಿನ ಆರೋಪದಿಂದ ಉಳಿಸುತ್ತದೆ. ಹೆಚ್ಚಿನ ನಕಲು ಬೇಕೆಂದು ಮಾಡಿದ್ದಲ್ಲ, ಯಾವ ವಾಕ್ಯ ಯಾರದು ಎಂಬುದೇ ಮರೆತುಹೋದದ್ದು.

ಹಂತ 6: ನಿಮ್ಮ ಮಾತಿನಲ್ಲಿ ಹೇಳಿ, ಅಲ್ಲೇ ಹೆಸರು ಹಾಕಿ

ಇಂಗ್ಲಿಷ್ ವಾಕ್ಯದ ನಾಲ್ಕು ಪದ ಬದಲಿಸಿದರೆ ಅದು ನಿಮ್ಮದಾಗುವುದಿಲ್ಲ. ಕನ್ನಡಕ್ಕೆ ಅನುವಾದಿಸಿ ಮತ್ತೆ ಇಂಗ್ಲಿಷಿಗೆ ತಂದರೂ ಅಷ್ಟೇ. ನಾನು ಅವಳಿಗೆ ಹೇಳಿದ ಉಪಾಯ: ಲೇಖನ ಮುಚ್ಚು, ಅಜ್ಜಿಗೆ ಹೇಳುವ ಹಾಗೆ ಬಾಯಲ್ಲಿ ಹೇಳು, ಹೇಳಿದ್ದನ್ನು ಬರೆ, ಆಮೇಲೆ ಅಂಕಿ ಸರಿ ಇದೆಯಾ ನೋಡು. ಅವಳು ಬರೆದದ್ದು ಹೀಗಿತ್ತು: "ಓದಿದ ತಕ್ಷಣ ಕೇಳಿದರೆ ಮತ್ತೆ ಓದಿದ್ದೇ ಹೆಚ್ಚು ನೆನಪಿರುತ್ತದೆ. ಆದರೆ ಒಂದು ವಾರದ ನಂತರ, ಪುಸ್ತಕ ಮುಚ್ಚಿ ಬರೆದು ನೋಡಿದ್ದೇ ಹೆಚ್ಚು ಉಳಿದಿತ್ತು (ರೋಡಿಗರ್ ಮತ್ತು ಕಾರ್ಪಿಕಿ, 2006)."

ಆ ಆವರಣದೊಳಗಿನ ಹೆಸರು, ವರ್ಷವೇ ಉಲ್ಲೇಖ. ಇದು ಎಪಿಎ ಶೈಲಿ, ಅಂದರೆ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ಮಾಡಿದ ಕ್ರಮ. 1929ರಲ್ಲಿ ಏಳು ಪುಟದ ಸೂಚನೆಯಾಗಿ ಶುರುವಾದದ್ದು, ಈಗ ಏಳನೇ ಆವೃತ್ತಿಯ ದಪ್ಪ ಪುಸ್ತಕವಾಗಿದೆ. ನಿಮಗೆ ಬೇಕಾದದ್ದು ಅದರಲ್ಲಿ ಸ್ವಲ್ಪವೇ. ಇಬ್ಬರು ಲೇಖಕರಿದ್ದರೆ ಇಬ್ಬರ ಹೆಸರೂ ಬರೆಯಿರಿ. ಮೂವರು ಅಥವಾ ಜಾಸ್ತಿ ಇದ್ದರೆ ಮೊದಲ ಸಲದಿಂದಲೇ ಮೊದಲನೆಯವರ ಹೆಸರು 'ಮತ್ತು ಇತರರು', ಇಂಗ್ಲಿಷಿನಲ್ಲಾದರೆ 'ಎಟ್ ಆಲ್'. ಲೇಖಕರ ವಾಕ್ಯವನ್ನೇ ಎತ್ತಿದರೆ ಪುಟಸಂಖ್ಯೆ ಕಡ್ಡಾಯ.

ನೀವು ನೋಡದ ಆಕರವನ್ನು ನೋಡಿದ ಹಾಗೆ ಬರೆಯಬೇಡಿ. ಎಬ್ಬಿಂಗ್‌ಹಾಸ್ ಪುಸ್ತಕ 1885ರದ್ದು, ಜರ್ಮನ್ ಭಾಷೆಯಲ್ಲಿದೆ. ನೀವು ಓದಿದ್ದು ಪಠ್ಯಪುಸ್ತಕದ ಒಂದು ಪ್ಯಾರಾ. ಹಾಗಿದ್ದರೆ 'ಎಬ್ಬಿಂಗ್‌ಹಾಸ್, 1885' ಎಂದು ಬರೆದು, ಪಠ್ಯಪುಸ್ತಕದಲ್ಲಿ ಉಲ್ಲೇಖಿಸಿದಂತೆ ಎಂದು ಸೇರಿಸಿ, ಪಟ್ಟಿಯಲ್ಲಿ ಪಠ್ಯಪುಸ್ತಕವನ್ನೇ ಹಾಕಿ. ಇದಕ್ಕಿಂತ ಒಳ್ಳೆಯ ದಾರಿಯೂ ಇದೆ. ಆ ಪುಸ್ತಕದ 1913ರ ಇಂಗ್ಲಿಷ್ ಅನುವಾದ ಇಂಟರ್‌ನೆಟ್ಟಿನಲ್ಲಿ ಉಚಿತ. ಮರ್ರೆ ಮತ್ತು ಡ್ರೋಸ್ 2015ರಲ್ಲಿ ಅದೇ ಪ್ರಯೋಗವನ್ನು ಮತ್ತೆ ಮಾಡಿ ಪ್ಲಾಸ್ ಒನ್‌ನಲ್ಲಿ ಹಾಕಿದ್ದಾರೆ. ಅದಕ್ಕಾಗಿ ಒಬ್ಬರೇ 70 ಗಂಟೆ ಅರ್ಥವಿಲ್ಲದ ಅಕ್ಷರಗಳನ್ನು ಬಾಯಿಪಾಠ ಮಾಡಿದರು! ತೆರೆದು ಓದಿದರೆ ನಿಮ್ಮದೇ ಆಕರವಾಯಿತು.

ನಿಮ್ಮ ಕ್ಲಾಸಿನ 20 ಜನಕ್ಕೆ ಪ್ರಶ್ನಾವಳಿ ಕೊಟ್ಟರೆ ಅದು ಆಕರ ಅಲ್ಲ, ನಿಮ್ಮದೇ ಮಾಹಿತಿ. ಯಾರ ಹೆಸರೂ ಹಾಕಬೇಡಿ. 18 ತುಂಬದವರಾದರೆ ಮನೆಯವರ ಒಪ್ಪಿಗೆ ಬೇಕು. ಒಬ್ಬ ಕೌನ್ಸೆಲರ್ ಜೊತೆ ಮಾತಾಡಿ ಅವರ ಅಭಿಪ್ರಾಯ ಬಳಸಿದರೆ, ಅವರ ಹೆಸರು, 'ವೈಯಕ್ತಿಕ ಸಂಭಾಷಣೆ', ದಿನಾಂಕ ಇಷ್ಟನ್ನು ಬರಹದ ಒಳಗೇ ಹಾಕಿ. ಓದುಗರಿಗೆ ಅದು ಬೇರೆಲ್ಲೂ ಸಿಗುವುದಿಲ್ಲವಲ್ಲ, ಹಾಗಾಗಿ ಕೊನೆಯ ಪಟ್ಟಿಗೆ ಸೇರುವುದಿಲ್ಲ.

ಹಂತ 7: ಕೊನೆಯ ಪಟ್ಟಿ

ಒಂದು ನಮೂದನ್ನು ಬಿಡಿಸಿ ನೋಡಿದರೆ ಸಾಕು. ಇಂಗ್ಲಿಷ್ ಪ್ರಾಜೆಕ್ಟಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತೀರಿ, ಇಲ್ಲಿ ಕನ್ನಡದಲ್ಲಿ ತೋರಿಸುತ್ತೇನೆ:

ರೋಡಿಗರ್, ಎಚ್. ಎಲ್., ಮತ್ತು ಕಾರ್ಪಿಕಿ, ಜೆ. ಡಿ. (2006). ಟೆಸ್ಟ್-ಎನ್‌ಹ್ಯಾನ್ಸ್‌ಡ್ ಲರ್ನಿಂಗ್: ಟೇಕಿಂಗ್ ಮೆಮೊರಿ ಟೆಸ್ಟ್ಸ್ ಇಂಪ್ರೂವ್ಸ್ ಲಾಂಗ್-ಟರ್ಮ್ ರಿಟೆನ್ಷನ್. ಸೈಕಲಾಜಿಕಲ್ ಸೈನ್ಸ್, 17(3), 249–255.

ಮೊದಲು ಉಪನಾಮ, ಆಮೇಲೆ ಇನಿಶಿಯಲ್. ಆವರಣದಲ್ಲಿ ವರ್ಷ. ಶೀರ್ಷಿಕೆ ಸಾದಾ ಅಕ್ಷರದಲ್ಲಿ. ಜರ್ನಲ್ ಹೆಸರು ಮತ್ತು ಸಂಪುಟದ 17 ಓರೆ ಅಕ್ಷರದಲ್ಲಿ. ಸಂಚಿಕೆಯ 3 ಆವರಣದೊಳಗೆ, ಓರೆ ಇಲ್ಲ. ಕೊನೆಗೆ ಪುಟ, ಅದರ ಪಕ್ಕ ಡಿಒಐ ಕೊಂಡಿ. ಎರಡನೇ ಸಾಲಿನಿಂದ ಅರ್ಧ ಇಂಚು ಒಳಗೆ. ಪಟ್ಟಿ ಪೂರ್ತಿ ಅಕ್ಷರಮಾಲೆಯ ಕ್ರಮದಲ್ಲಿ. ಸ್ಕಾಲರಿನ 'ಸೈಟ್' ಗುಂಡಿ ಒತ್ತಿದರೆ ಇದು ಸಿದ್ಧವಾಗಿ ಬರುತ್ತದೆ, ಆದರೆ ದೊಡ್ಡಕ್ಷರ, ಸಂಚಿಕೆ ಸಂಖ್ಯೆಗಳಲ್ಲಿ ತಪ್ಪು ಇರಬಹುದು. ಚೀಟಿ ಜೊತೆ ಹೋಲಿಸಿ.

'ಉಪನಾಮ ಮೊದಲು' ಎಂಬ ನಿಯಮ ಕೊಡಗಿನಲ್ಲಿ ತಲೆ ಕೆಡಿಸುತ್ತದೆ. ನಮ್ಮಲ್ಲಿ ಮನೆಹೆಸರೇ ಮೊದಲು ಬರುತ್ತದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಪೂರ್ತಿ ಹೆಸರು ಕೊಡಂದೇರ ಮಾದಪ್ಪ ಕಾರ್ಯಪ್ಪ. ಮನೆತನ ಕೊಡಂದೇರ ಆದರೂ ಅವರು ಕೆ. ಎಂ. ಕಾರ್ಯಪ್ಪ ಎಂದೇ ಪರಿಚಿತರು, ಹಾಗಾಗಿ ಪಟ್ಟಿಯಲ್ಲಿ 'ಕಾರ್ಯಪ್ಪ, ಕೆ. ಎಂ.' ಎಂದಾಗುತ್ತದೆ. ಲೇಖಕರು ತಮ್ಮ ಬರಹದ ಮೇಲೆ ಹೇಗೆ ಹೆಸರು ಹಾಕಿಕೊಂಡಿದ್ದಾರೋ ಅದನ್ನೇ ಹಿಡಿಯಿರಿ. ಮೈಸೂರು, ತಮಿಳುನಾಡಿನ ಇನಿಶಿಯಲ್‌ಗಳಿಗೂ ಇದೇ ಕ್ರಮ.

ಪತ್ರಿಕೆಯ ಸುದ್ದಿಗೆ ಬರೆದವರ ಹೆಸರಿಲ್ಲದಿದ್ದರೆ ಸುದ್ದಿಯ ಶೀರ್ಷಿಕೆಯೇ ಲೇಖಕರ ಜಾಗಕ್ಕೆ ಬರುತ್ತದೆ. ಇಂಗ್ಲಿಷ್ ಪ್ರಾಜೆಕ್ಟಿನಲ್ಲಿ ಕನ್ನಡ ಪುಸ್ತಕ ಬಳಸಿದ್ದರೆ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಚೌಕ ಆವರಣದಲ್ಲಿ ಅದರ ಅರ್ಥ ಕೊಡಿ. ಪೂರ್ತಿ ಕನ್ನಡದಲ್ಲೇ ಬರೆಯುತ್ತಿದ್ದರೆ ಇದರ ತಾಪತ್ರಯವಿಲ್ಲ. ನಿಮ್ಮ ಶಾಲೆ ಬೇರೆ ಶೈಲಿ ಕೇಳಿದರೆ ಅದನ್ನೇ ಮಾಡಿ, ವಾದ ಬೇಡ.

ಹಂತ 8: ಜೋಡಿ ಹೊಂದಿಸಿ

ಪೆನ್ಸಿಲ್ ಹಿಡಿದು ಕೂತುಕೊಳ್ಳಿ. ಬರಹದೊಳಗಿನ ಪ್ರತಿ ಉಲ್ಲೇಖಕ್ಕೂ ಪಟ್ಟಿಯಲ್ಲಿ ಜೋಡಿ ಇರಬೇಕು. ಪಟ್ಟಿಯ ಪ್ರತಿಯೊಂದೂ ಬರಹದೊಳಗೆ ಬಂದಿರಬೇಕು. ಅಕ್ಕನ ಮಗಳ ಪಟ್ಟಿಯಲ್ಲಿ 11 ಇತ್ತು, ಬರಹದಲ್ಲಿ ಬಳಸಿದ್ದು ಐದು. ಉಳಿದ ಆರನ್ನು ಹೊಡೆದು ಹಾಕಲು ಹೇಳಿದಾಗ ಮುಖ ಸಪ್ಪಗಾಯಿತು. "ಜಾಸ್ತಿ ಇದ್ರೆ ಚೆನ್ನಾಗಿ ಕಾಣುತ್ತೆ ಅಲ್ವಾ ಚಿಕ್ಕಮ್ಮಾ?" ಕಾಣುತ್ತದೆ, ಯಾರಾದರೂ ಕೇಳುವವರೆಗೆ. ಒಂದು ಕಡೆ 2006 ಎಂದಿದ್ದ ವರ್ಷ ಇನ್ನೊಂದು ಕಡೆ 2009 ಆಗಿತ್ತು. ಅದೂ ಇಲ್ಲೇ ಸಿಕ್ಕಿತು.

ಪ್ರಿಂಟನ್ನು ಕೊನೆಯ ದಿನಕ್ಕೆ ಇಡಬೇಡಿ. ಕರೆಂಟು ಹೋದರೆ ಜೆರಾಕ್ಸ್ ಅಂಗಡಿಯವರೂ ಕೈ ಎತ್ತುತ್ತಾರೆ. ಬಳಸಿದ ಐದೂ ಪಿಡಿಎಫ್‌ಗಳನ್ನು ಒಂದೇ ಫೋಲ್ಡರಿನಲ್ಲಿ ಹಾಕಿ, ನೆಟ್ ಇಲ್ಲದೆ ತೆರೆಯುತ್ತದಾ ಎಂದು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ನೋಡಿ. ವೈವಾದಲ್ಲಿ ಯಾರಾದರೂ "ಯಾವ ಪುಟದಲ್ಲಿದೆ?" ಎಂದು ಕೇಳಿದರೆ, ಅವರ ಮುಂದೆಯೇ ತೆರೆದು ತೋರಿಸಬಹುದು.